ಬ್ಯಾಟಲ್‌ಫೀಲ್ಡ್ 4: ಅಸಾಲ್ಟ್, ಎಂಜಿನಿಯರ್, ಸಪೋರ್ಟ್‌ನಲ್ಲಿ ಯಾವುದು ಆರಿಸೋದು?

ಬ್ಯಾಟಲ್‌ಫೀಲ್ಡ್ 4 ಅನ್ನೋ ಯುದ್ಧದ ವಿಡಿಯೋ ಗೇಮ್‌ನಲ್ಲಿ ಈ ಮೂರು ಕ್ಲಾಸ್‌ಗಳಲ್ಲಿ (ಸೈನಿಕನ ಪಾತ್ರಗಳಲ್ಲಿ) ಯಾವುದು ಆರಿಸೋದು ಅಂತ ಕೇಳಿದ್ದೀರಿ. ಮೊದಲು ಯಾವ ಮೋಡ್ ಆಡ್ತೀರಿ ಅಂತ ನೋಡಿಕೊಳ್ಳಿ, ಕ್ಲಾಸ್ ಆಮೇಲೆ.

ಬಾವುಟ ಇರುವ ಜಾಗಗಳನ್ನು ಹಿಡಿಯುವ ಕಾಂಕ್ವೆಸ್ಟ್ ಮೋಡ್‌ನಲ್ಲಿ ಮ್ಯಾಪ್ ದೊಡ್ಡದು. ಪಿಸಿಯಲ್ಲಿ 64 ಜನರವರೆಗೆ ಆಡುತ್ತಾರೆ, ಬಾವುಟಗಳ ನಡುವೆ ಟ್ಯಾಂಕ್‌ಗಳು ಓಡಾಡುತ್ತಿರುತ್ತವೆ. ಎಂಜಿನಿಯರ್ ಇಲ್ಲದ ತಂಡ ಇಲ್ಲಿ ಒದ್ದಾಡುತ್ತದೆ. ಎದುರಾಳಿಯ ಟ್ಯಾಂಕ್‌ಗೆ ರಾಕೆಟ್, ನಮ್ಮದಕ್ಕೆ ರಿಪೇರಿ, ಎರಡೂ ಅವನದೇ ಕೆಲಸ. ಆಪರೇಷನ್ ಲಾಕರ್‌ನಂಥ ಒಳಾಂಗಣ ಮ್ಯಾಪ್‌ನಲ್ಲಿ ಮಾತ್ರ ಅವನನ್ನು ಸುಮ್ನೆ ಆರಿಸಬೇಡಿ.

ರಶ್ ಮೋಡ್ ಬೇರೆ ಥರ, ಒಂದು ತಂಡ ದಾಳಿ ಮಾಡುತ್ತದೆ, ಇನ್ನೊಂದು ರಕ್ಷಿಸುತ್ತದೆ. ದಾಳಿ ಮಾಡುವವರಿಗೆ ಟಿಕೆಟ್ ಲೆಕ್ಕದಷ್ಟೇ. ಸತ್ತವರು ಮತ್ತೆ ಬಂದಾಗಲೆಲ್ಲ ಒಂದು ಖರ್ಚಾಗುತ್ತದೆ. ಅಸಾಲ್ಟ್ ಆಟಗಾರ ಡಿಫಿಬ್ರಿಲೇಟರ್‌ನಿಂದ (ಎದೆಗೆ ಶಾಕ್ ಕೊಡುವ ಸಾಧನ) ಎಬ್ಬಿಸಿದರೆ ಆ ಟಿಕೆಟ್ ಉಳಿಯಿತು. ಬಟನ್ ಒತ್ತಿಹಿಡಿದು ಪೂರ್ತಿ ಚಾರ್ಜ್ ಮಾಡಿ ಕೊಡಿ. ಅವಸರಪಟ್ಟರೆ ಗೆಳೆಯ ಕಡಿಮೆ ಹೆಲ್ತ್‌ನಲ್ಲಿ ಎದ್ದು ಮೊದಲ ಗುಂಡಿಗೇ ಮತ್ತೆ ಬೀಳುತ್ತಾನೆ. ದಾಳಿಗೆ ನನ್ನ ಆಯ್ಕೆ ಯಾವಾಗಲೂ ಅಸಾಲ್ಟ್.

ಗುರಿ ಇನ್ನೂ ಕುದುರಿಲ್ವಾ? ಸಪೋರ್ಟ್ ಸುಲಭ. ಮದ್ದುಗುಂಡು ಹಂಚಿದರೂ ಪಾಯಿಂಟ್ ಬರುತ್ತದೆ, ತಂಡಕ್ಕೂ ನಿಜವಾದ ಸಹಾಯ. ಅವನ ಎಲ್‌ಎಂಜಿಯ (ಲೈಟ್ ಮೆಷಿನ್ ಗನ್) ಮ್ಯಾಗಜಿನ್ ದೊಡ್ಡದು, ರೀಲೋಡ್ ನಿಧಾನ. ಹಾಗಾಗಿ ರಶ್‌ನಲ್ಲಿ ಒಂದು ಕಡೆ ಕೂತು ಕಾಯುವ ರಕ್ಷಣೆಗೆ ಜಾಸ್ತಿ ಹೊಂದುತ್ತದೆ, ಓಡಿ ನುಗ್ಗುವುದಕ್ಕಲ್ಲ.