ಹೃದಯ ವೈಫಲ್ಯ: ಡಿಸ್ಚಾರ್ಜ್ ಆದ ಮೊದಲ ಎರಡು ವಾರಕ್ಕೆ ಫೋನೋ, ಮನೆ ಭೇಟಿಯೋ, ಓಪಿಡಿಯೋ?

ಹೃದಯಕ್ಕೆ ರಕ್ತವನ್ನು ಸಾಕಷ್ಟು ತಳ್ಳಲಾಗದೆ ಮೈಯಲ್ಲಿ ನೀರು ತುಂಬುವುದೇ ಹೃದಯ ವೈಫಲ್ಯ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಕಾಲಿನ ಬಾವು ಇಳಿಸಿ ಮನೆಗೆ ಕಳಿಸಿದ ಮೇಲೆ ಮೊದಲ ಎರಡು ವಾರ ಬಹಳ ನಾಜೂಕು. ನೀರು ಮತ್ತೆ ತುಂಬಿಕೊಳ್ಳುವುದು ಮೆಲ್ಲಗೆ, ಗೊತ್ತಾಗುವುದು ತಡವಾಗಿ. ಆ ದಿನಗಳಿಗೆ ಮಂಗಳೂರು, ಉಡುಪಿ ಕಡೆ ನಾವು ಬಳಸಿ ನೋಡಿದ ದಾರಿ ಮೂರು: ಮೂರು ದಿನದೊಳಗೆ ಫೋನ್, ನರ್ಸ್ ಮನೆಗೆ ಹೋಗುವುದು, ವಾರದೊಳಗೆ ಓಪಿಡಿಗೆ ಕರೆಸುವುದು.

ಫೋನ್ ಬೆಳ್ತಂಗಡಿಯ ಒಳಗಿನ ಮನೆಗೂ ಜುಲೈ ಮಳೆಯಲ್ಲಿ ತಲುಪುತ್ತದೆ. ಆದರೆ "ಹೇಗಿದ್ದೀರಿ?" ಎಂದರೆ ನಮ್ಮ ಕಡೆ ಉತ್ತರ ಒಂದೇ, "ಅಡ್ಡಿ ಇಲ್ಲ." ಹಾಗೆ ಕೇಳುವ ಫೋನ್ ಮಾಡದಿದ್ದರೂ ಒಂದೇ. ಇವತ್ತಿನ ತೂಕ ಎಷ್ಟು, ನಿನ್ನೆ ಎಷ್ಟಿತ್ತು, ಮಲಗಿದಾಗ ದಮ್ಮು ಕಟ್ಟದಿರಲು ರಾತ್ರಿ ಎಷ್ಟು ದಿಂಬು ಬೇಕಾಯಿತು, ಬಚ್ಚಲಿಗೆ ಹೋಗಿ ಬರುವಾಗ ದಮ್ಮು ಬಂತಾ ಎಂದು ಕೇಳಬೇಕು. ತುಳು ಮನೆಮಾತಿನ ಅಜ್ಜಿಗೆ ತುಳುವಿನಲ್ಲೇ ಕೇಳಬೇಕು. ರೋಗಿಯೇ ದಿನಾ ಫೋನ್ ಮಾಡಿ ಯಂತ್ರದ ಪ್ರಶ್ನೆಗಳಿಗೆ ಉತ್ತರ ಒತ್ತುವ ವ್ಯವಸ್ಥೆಯನ್ನು ಅಮೆರಿಕದಲ್ಲಿ 1,653 ರೋಗಿಗಳ ಮೇಲೆ ಪರೀಕ್ಷಿಸಿದ್ದರು. 2010ರಲ್ಲಿ ಬಂದ ಫಲಿತಾಂಶದಲ್ಲಿ ಮರುದಾಖಲಾತಿಯಾಗಲಿ ಸಾವಾಗಲಿ ಕಡಿಮೆಯಾಗಿರಲಿಲ್ಲ. ಆ ಕಡೆ ಕೇಳಿಸಿಕೊಂಡು ಮಾತ್ರೆಯ ಪ್ರಮಾಣ ಬದಲಿಸಬಲ್ಲ ಮನುಷ್ಯರಿರಬೇಕು.

ಮನೆ ಭೇಟಿಗೆ ಅರ್ಧ ದಿನ ಹೋಗುತ್ತದೆ. ಆದರೆ ಫೋನಿಗೆ ಕಾಣದ್ದು ಅಲ್ಲಿ ಕಾಣುತ್ತದೆ. ಮದ್ದಿನ ಡಬ್ಬ ಮಂಚದ ಮೇಲೆ ಸುರಿಸಿ ನೋಡಿ: ಡಿಸ್ಚಾರ್ಜ್ ಚೀಟಿಯ ಹೊಸ ಮಾತ್ರೆ, ಅದೇ ಮದ್ದಿನ ಬೇರೆ ಬ್ರಾಂಡಿನ ಹಳೆಯ ಸ್ಟ್ರಿಪ್, ಎರಡನ್ನೂ ನುಂಗುತ್ತಿರುತ್ತಾರೆ. ಪಕ್ಕದಲ್ಲೇ ಮೊಣಕಾಲು ನೋವಿಗೆ ಡೈಕ್ಲೋಫೆನಾಕ್ ಇರುತ್ತದೆ. ಅದು ಮೂತ್ರಪಿಂಡದಲ್ಲಿ ಉಪ್ಪು, ನೀರನ್ನು ಹಿಡಿದಿಟ್ಟು ನೀರಿನ ಮಾತ್ರೆಯ (ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಮದ್ದು) ಕೆಲಸ ಕೆಡಿಸುತ್ತದೆ. ಅಡುಗೆಮನೆಯಲ್ಲಿ ಕುಚ್ಚಲಕ್ಕಿ ಗಂಜಿ. ಡಾಕ್ಟ್ರು ದಿನಕ್ಕೆ ಕುಡಿಯುವುದು ಒಂದೂವರೆ ಲೀಟರ್ ಎಂದಿದ್ದರೆ ಗಂಜಿಯ ತಿಳಿಯೂ ಆ ಲೆಕ್ಕಕ್ಕೇ ಸೇರಬೇಕು, ಇದನ್ನು ಯಾರೂ ಹೇಳಿರುವುದಿಲ್ಲ.

ಓಪಿಡಿಯ ಬಲವೇ ಬೇರೆ. ಬಿ.ಪಿ., ರಕ್ತದ ಪೊಟ್ಯಾಸಿಯಂ, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ನೋಡಿ ಹೃದಯದ ಮದ್ದುಗಳನ್ನು ಏರಿಸುವುದು ಅಲ್ಲಿ ಮಾತ್ರ ಸಾಧ್ಯ. 2022ರ ಸ್ಟ್ರಾಂಗ್-ಎಚ್‌ಎಫ್ ಅಧ್ಯಯನದಲ್ಲಿ 1, 2, 3, 6ನೇ ವಾರಗಳಲ್ಲಿ ಕರೆಸಿ ಮದ್ದನ್ನು ಬೇಗ ಪೂರ್ಣ ಪ್ರಮಾಣಕ್ಕೆ ಏರಿಸಿದವರಲ್ಲಿ 180 ದಿನದೊಳಗಿನ ಸಾವು ಅಥವಾ ಹೃದಯ ವೈಫಲ್ಯಕ್ಕೆ ಮರುದಾಖಲಾತಿ ಶೇ. 15.2, ಉಳಿದವರಲ್ಲಿ ಶೇ. 23.3. ತೊಡಕು ಇರುವುದು ಪ್ರಯಾಣದಲ್ಲಿ: ಎರಡು ಬಸ್ಸು ಬದಲಿಸಿ ಬರಬೇಕಾದವರು ದಾರಿಯಲ್ಲಿ ಮೂತ್ರದ ತೊಂದರೆ ಎಂದು ಆ ಬೆಳಿಗ್ಗೆ ನೀರಿನ ಮಾತ್ರೆ ಬಿಟ್ಟೇ ಹೊರಡುತ್ತಾರೆ. ಊರು ಮುಟ್ಟಿದ ಮೇಲೆ ಮಧ್ಯಾಹ್ನ ತೆಗೆದುಕೊಳ್ಳಬಹುದೇ ಎಂದು ಡಿಸ್ಚಾರ್ಜ್ ದಿನವೇ ಕೇಳಿಟ್ಟುಕೊಳ್ಳಬೇಕು.

ಒಂದನ್ನೇ ಆರಿಸಿ ಎಂದರೆ ನಮ್ಮ ಆಯ್ಕೆ ವಾರದೊಳಗಿನ ಓಪಿಡಿ. ಅದರ ಮುಂಚೆ ಫೋನ್ ಸೇರಿಸಿದರೆ ಇನ್ನೂ ಒಳ್ಳೆಯದು. ಮಕ್ಕಳೆಲ್ಲ ದುಬೈಯಲ್ಲೋ ಮುಂಬೈಯಲ್ಲೋ ಇದ್ದು ವಯಸ್ಸಾದ ಗಂಡಹೆಂಡತಿ ಇಬ್ಬರೇ ಇರುವ ಮನೆಗೆ ಮಾತ್ರ ಭೇಟಿ ತಪ್ಪಿಸಬಾರದು.

ಇನ್ನು ನೀರು ತುಂಬಿದ್ದನ್ನು ತೂಕದಲ್ಲಿ ಹಿಡಿಯುವ ತಕ್ಕಡಿ. ಮುಳ್ಳಿನ ತಕ್ಕಡಿಯಲ್ಲಿ ಅರ್ಧ ಕಿಲೋ ವ್ಯತ್ಯಾಸ ಓದಲು ಬರುವುದಿಲ್ಲ, ನಮ್ಮ ಕಡಲ ಗಾಳಿಗೆ ಸ್ಪ್ರಿಂಗ್ ತುಕ್ಕು ಬೇರೆ. 100 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯೇ ಸರಿ, ಚಾಪೆ ಮೇಲೆ ಇಡದೆ ಗಟ್ಟಿ ನೆಲದ ಮೇಲಿಟ್ಟರೆ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಚಹಾಕ್ಕೆ ಮುಂಚೆ, ದಿನಾ ಒಂದೇ ಥರದ ಬಟ್ಟೆಯಲ್ಲಿ ನಿಲ್ಲಬೇಕು. ಆಸ್ಪತ್ರೆಯ ತಕ್ಕಡಿಗೂ ಮನೆಯದಕ್ಕೂ ಒಂದು ಕಿಲೋ ಅಂತರ ಬರಬಹುದು, ಹಾಗಾಗಿ ಮನೆಗೆ ಬಂದ ಮರುದಿನ ಬೆಳಿಗ್ಗೆ ಸಿಕ್ಕ ಅಂಕಿಯನ್ನೇ ಆಧಾರವಾಗಿ ಹಿಡಿಯಿರಿ. ಬರೆಯಲು ಪುಸ್ತಕಕ್ಕಿಂತ ಗೋಡೆಯ ಕ್ಯಾಲೆಂಡರ್ ಒಳ್ಳೆಯದು: ಪುಸ್ತಕ ಕಪಾಟಿಗೆ ಸೇರುತ್ತದೆ, ತಾರೀಕಿನ ಚೌಕದಲ್ಲಿ ಬರೆದ 58.4 ಮನೆಯವರೆಲ್ಲರ ಕಣ್ಣಿಗೆ ಬೀಳುತ್ತದೆ.

ನೀರಿನ ಲೆಕ್ಕಕ್ಕೆ ಲೋಟ ಎಣಿಸುವುದು ಸಂಜೆಯೊಳಗೆ ತಪ್ಪುತ್ತದೆ. ಬೆಳಿಗ್ಗೆ ಬಾಟಲಿಗಳಲ್ಲಿ ಡಾಕ್ಟ್ರು ಹೇಳಿದ ಒಂದೂವರೆ ಲೀಟರ್ ತುಂಬಿಡಿ. ಚಹಾ, ಮಜ್ಜಿಗೆ, ತಿಳಿ ಏನೇ ಕುಡಿದರೂ ಅಷ್ಟೇ ನೀರನ್ನು ಅದರಿಂದ ಚೆಲ್ಲಿಬಿಡಿ. ಬಾಟಲಿ ಖಾಲಿಯಾದರೆ ಆ ದಿನದ್ದು ಮುಗಿಯಿತು.

ಉಪ್ಪಿನ ವಿಷಯದಲ್ಲಿ ಅಪಾಯದ ಆಯ್ಕೆಯೊಂದಿದೆ. "ಲೋ ಸೋಡಿಯಂ" ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್ (ಮೈಯಲ್ಲಿ ಪೊಟ್ಯಾಸಿಯಂ ಉಳಿಸುವ ಹೃದಯದ ಮಾತ್ರೆ) ತೆಗೆದುಕೊಳ್ಳುವವರಲ್ಲಿ ಅದು ಪೊಟ್ಯಾಸಿಯಂ ಏರಿಸಿ ಹೃದಯದ ಬಡಿತವನ್ನೇ ಕೆಡಿಸಬಹುದು. ದಿನಾ ಎಳನೀರು ಕುಡಿದರೂ ಅದೇ ಭಯ. ಸಾದಾ ಉಪ್ಪನ್ನೇ ಕಡಿಮೆ ಮಾಡಿ, ಹುಳಿಗೆ ಲಿಂಬೆ, ಪುನರ್ಪುಳಿ (ಕೋಕಂ) ಹೆಚ್ಚಿಸಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಮಳೆಗಾಲದ ತುಳು ತಿಂಗಳು) ವಿಶೇಷ ಎಚ್ಚರ ಬೇಕು: ಒಣಮೀನು, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಮಿಡಿ ಉಪ್ಪಿನಕಾಯಿ ಮೂರೂ ಒಟ್ಟಿಗೆ ಬಟ್ಟಲಿಗೆ ಬರುವುದು ಆಗಲೇ.

ಕ್ಯಾಲೆಂಡರಿನ ಅಂಕಿ ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅವತ್ತೇ ಫೋನ್ ಮಾಡಿ, ಓಪಿಡಿ ದಿನ ಕಾಯಬೇಡಿ. ಮೈ ಸೊರಗುತ್ತಿರುವವರಲ್ಲಿ ನೀರು ತುಂಬಿದರೂ ಅಂಕಿ ಏರದೆ ಇರಬಹುದು, ಅವರಲ್ಲಿ ದಿಂಬು ಎಣಿಸಿ. ಕೂತಲ್ಲೇ ದಮ್ಮು ಬಂದರೆ 108 ಆಂಬುಲೆನ್ಸ್.