ತಾರಸಿ ನೀರಿನ ಪೈಪ್: ಮಣ್ಣು ಮುಚ್ಚುವ ಮುಂಚೆ ನೀರು ಬಿಟ್ಟು ನೋಡಿ

ತಾರಸಿ ನೀರಿಗೆ ನೆಲದಡಿ ಪೈಪ್ ಹಾಕಿಸಬೇಕು ಅಂತಿರುವವರು ಇದನ್ನು ಒಮ್ಮೆ ಓದಿ. ನೀರನ್ನು ಮನೆಯಿಂದ ದೂರ ಸಾಗಿಸಿಕೊಡುತ್ತೇನೆ ಅಂತ ಬಂದ ಕಂಟ್ರಾಕ್ಟರ್ ಅದನ್ನು ನಮ್ಮ ಪಾಯಕ್ಕೇ ಕುಡಿಸಿ ಹೋದ.

ಒಪ್ಪಂದ ಇಷ್ಟೇ. ತಾರಸಿಯಿಂದ ಇಳಿಯುವ ಪೈಪುಗಳನ್ನೆಲ್ಲ ನೆಲದಡಿ ಸೇರಿಸಿ, ಹಿತ್ತಲ ಮೂಲೆಯ ಇಂಗುಗುಂಡಿಗೆ ಬಿಡುವುದು. ನಾವು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಕೆಲಸ ಮುಗಿಸಿ, ಮಣ್ಣು ಮುಚ್ಚಿ, ಮೇಲೆ ಕಲ್ಲು ಹಾಸಿಬಿಟ್ಟಿದ್ದ. ನೋಡಲು ಬಲು ಚೆಂದ!

ಮಳೆಗಾಲ ಮುಗಿಯುವ ಹೊತ್ತಿಗೆ ರೂಮಿನ ಗೋಡೆಯ ಬುಡದಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದಿತು. ಮೇಲೆಲ್ಲ ಬಿಳಿ ಉಪ್ಪು. ಒರೆಸಿದರೆ ಹೋಗುತ್ತದೆ, ಮತ್ತೆ ಬರುತ್ತದೆ. ಫೋನ್ ಮಾಡಿದರೆ, "ಗಾರೆ ಇನ್ನೂ ಆರಿಲ್ಲ ಸಾರ್, ವಾಟರ್‌ಪ್ರೂಫ್ ಪೇಂಟ್ ಹೊಡೆಸಿ, ಸರಿಹೋಗುತ್ತೆ" ಅಂದ. ಹೊಡೆಸಿದ್ದೂ ಆಯ್ತು. ಆ ಪೇಂಟ್ ಗಾರೆಯನ್ನೂ ಕಿತ್ತುಕೊಂಡು ಉದುರಿತು. ನೀರು ಹೊರಗಿನಿಂದ ಬರುತ್ತಿರುವಾಗ ಒಳಗೆ ಬಣ್ಣ ಬಳಿದು ತಡೆದರೆ ತೇವ ಇನ್ನೂ ಮೇಲಕ್ಕೆ ಏರುತ್ತದೆ, ಅಷ್ಟೇ.

ಕೊನೆಗೆ ಬೇರೆ ಮೇಸ್ತ್ರಿ ಕರೆಸಿ ಅಗೆಸಿದೆವು. ಪೈಪ್ ಮನೆಯ ಮೂಲೆ ತಿರುಗಿ ಅಲ್ಲೇ ನಿಂತುಬಿಟ್ಟಿತ್ತು! ಬಾಯಿಗೆ ಸಿಮೆಂಟ್ ಚೀಲ ಸುತ್ತಿ, ಸುತ್ತ ಇಟ್ಟಿಗೆ ಚೂರು ತುಂಬಿದ್ದರು. ಇಂಗುಗುಂಡಿಯ ಹತ್ತಿರಕ್ಕೂ ಹೋಗಿರಲಿಲ್ಲ. ಒಂದು ಜಾಯಿಂಟಿಗೆ ಗಮ್ ಕೂಡ ಹಾಕಿರಲಿಲ್ಲ, ಕೈಯಲ್ಲಿ ಎಳೆದರೆ ಬಂತು. ವಾಟವೂ (ಪೈಪಿನ ಇಳಿಜಾರು) ಮನೆ ಕಡೆಗೇ.

ಇದೇನು ಸಣ್ಣ ವಿಷಯ ಅನ್ನಬೇಡಿ. 1 ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 100 ಚದರ ಮೀಟರ್ ತಾರಸಿಗೆ 25 ಮಿ.ಮೀ. ಮಳೆ ಬಂದರೆ 2,500 ಲೀಟರ್. ಪೈಪ್ ಇಲ್ಲದಿದ್ದರೆ ಅದು ಸುತ್ತಲೂ ಹರಡಿ ಹೋಗುತ್ತಿತ್ತು. ಈಗ ಅಷ್ಟೂ ಒಂದೇ ಮೂಲೆಗೆ. ಪಾಯ ತೆಗೆದು ಮತ್ತೆ ತುಂಬಿದ ಮಣ್ಣು ಸಡಿಲ ಇರುವುದರಿಂದ ನೀರು ಸಲೀಸಾಗಿ ಅಲ್ಲೇ ಇಳಿಯುತ್ತದೆ. ಜೇಡಿ ಮಣ್ಣಾದರಂತೂ ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗಿ, ಗೋಡೆ ಬಿರುಕು ಬಿಡುತ್ತದೆ.

ಹಾಗಾಗಿ ಮಣ್ಣು ಮುಚ್ಚಲು ಬಿಡಲೇಬೇಡಿ. ಒಬ್ಬರು ಮೇಲಿಂದ ಬಕೆಟ್‌ಗಟ್ಟಲೆ ನೀರು ಸುರಿಯಲಿ, ಇನ್ನೊಬ್ಬರು ಇಂಗುಗುಂಡಿಯ ಹತ್ತಿರ ನಿಂತು ನೋಡಲಿ. ಸುರಿದ ನೀರು ಅಲ್ಲಿ ಬರಬೇಕು, ಜಾಯಿಂಟುಗಳು ಒಣಗಿರಬೇಕು. ಫೋಟೋ ತೆಗೆದಿಟ್ಟುಕೊಳ್ಳಿ. 100 ಅಡಿಗೆ ಕನಿಷ್ಠ 1 ಅಡಿ ವಾಟ ಕೇಳಿ. ತಿರುವಿನಲ್ಲಿ ಕಸ ತೆಗೆಯಲು ಮುಚ್ಚಳ ಇರಲಿ, ಎಲೆ ಸಿಕ್ಕಿಕೊಳ್ಳುವುದು ಅಲ್ಲೇ. ಟಾಯ್ಲೆಟ್ ಚೇಂಬರಿಗೆ ಸೇರಿಸಿಬಿಡೋಣ ಅಂದರೆ ಖಂಡಿತ ಒಪ್ಪಬೇಡಿ, ಜೋರು ಮಳೆಗೆ ಗಲೀಜು ನೀರು ಬಚ್ಚಲಿನಲ್ಲಿ ಉಕ್ಕುತ್ತದೆ. ಪಕ್ಕದವರ ಕಾಂಪೌಂಡ್ ಕಡೆಗೆ ತಿರುಗಿಸುವುದೂ ಬೇಡ, ಸುಮ್ನೆ ಜಗಳ. ದುಡ್ಡಿನಲ್ಲಿ ಒಂದು ಪಾಲು ಮೊದಲ ದೊಡ್ಡ ಮಳೆ ಆಗುವ ತನಕ ಕೈಯಲ್ಲೇ ಇಟ್ಟುಕೊಳ್ಳಿ. ಅದಕ್ಕೆ ಒಪ್ಪದವನಿಗೆ ಕೆಲಸವನ್ನೇ ಕೊಡಬೇಡಿ.

ನಾವೀಗ ಆ ಪೈಪ್ ಕಿತ್ತುಹಾಕಿ ತೆರೆದ ಚರಂಡಿ ಮಾಡಿಸಿದ್ದೇವೆ. ಕಸ ಕಟ್ಟಿದರೆ ಕಣ್ಣಿಗೆ ಕಾಣುತ್ತದೆ, ತೆಗೆಯಬಹುದು. ರೂಮಿಗೆ ಮಾತ್ರ ಇನ್ನೂ ಬಣ್ಣ ಹೊಡೆಸಿಲ್ಲ. ಗೋಡೆ ಒಳಗಿಂದ ಪೂರ್ತಿ ಆರುವ ಮುಂಚೆ ಹೊಡೆಸಿದರೆ ಅದೂ ಎದ್ದು ಬರುತ್ತದೆ.