'ಕ್ರಾನಿಕಲ್ಸ್': ಎರಡು ಸಿಡಿಗಳಲ್ಲಿ ರಷ್ ತಂಡದ 15 ವರ್ಷ

ಕೆನಡಾದ ಟೊರಾಂಟೊ ಮೂಲದ ರಾಕ್ ತಂಡ 'ರಷ್' ಅನ್ನು ಹೊಸದಾಗಿ ಕೇಳಲು ಹೊರಟವರಿಗೆ, 1990ರಲ್ಲಿ ಬಂದ 'ಕ್ರಾನಿಕಲ್ಸ್' ಸಂಕಲನವನ್ನೇ ನಾನು ಈಗಲೂ ಸೂಚಿಸುತ್ತೇನೆ, ಒಂದೆರಡು ತಕರಾರುಗಳಿದ್ದರೂ. ಮಳೆಗಾಲದ ಮಡಿಕೇರಿಯಲ್ಲಿ ಕರೆಂಟಿನ ಜೊತೆಗೆ ನೆಟ್‌ವರ್ಕೂ ಕೈಕೊಟ್ಟಾಗ, ಇನ್ವರ್ಟರ್‌ನ ಆಸರೆಯಲ್ಲಿ ಓಡುವ ಸಿಡಿ ಪ್ಲೇಯರ್‌ಗೆ ಇಂಥದ್ದೊಂದು ಸಂಕಲನ ಬಹಳ ಒದಗಿಬರುತ್ತದೆ.

ಒಟ್ಟು 28 ಹಾಡುಗಳು. 1974ರ ಚೊಚ್ಚಲ ಆಲ್ಬಮ್‌ನಿಂದ 1989ರ 'ಪ್ರೆಸ್ಟೊ'ವರೆಗೆ ಬಹುಮಟ್ಟಿಗೆ ಕಾಲಾನುಕ್ರಮದಲ್ಲೇ ಜೋಡಿಸಿರುವುದರಿಂದ, ತಂಡದ ನಾದ ಎಲ್ಲಿ ಹೊರಳಿತು ಎಂಬುದು ಯಾರ ವಿವರಣೆಯೂ ಇಲ್ಲದೆ ಕಿವಿಗೆ ತಿಳಿಯುತ್ತದೆ. ಆರಂಭದ 'ವರ್ಕಿಂಗ್ ಮ್ಯಾನ್' ಅಂದಿನ ಬ್ರಿಟಿಷ್ ಹಾರ್ಡ್ ರಾಕ್‌ನ ನೆರಳಿನಲ್ಲೇ ಇದೆ. ಮೊದಲ ಡ್ರಮ್ಮರ್ ಜಾನ್ ರಟ್ಸಿ ಹೊರನಡೆದು ನೀಲ್ ಪಿಯರ್ಟ್ ಬಂದ ಮೇಲಿನ 'ಆಂಥಮ್' ಶುರುವಾದೊಡನೆ, ಇದು ಬೇರೆಯೇ ತಂಡವೇನೋ ಎನಿಸುವಷ್ಟು ತಾಳದ ಕಟ್ಟು ಬದಲಾಗಿರುತ್ತದೆ. ಸಾಹಿತ್ಯದ ಹೊಣೆಯೂ ಹೆಚ್ಚುಕಡಿಮೆ ಅವನದೇ ಆಯಿತು.

ಮೊದಲ ತಕರಾರು ಇಲ್ಲಿಯೇ. ಹಿಂದಿನ ಆಲ್ಬಮ್ ಸೋತು, ಚಿಕ್ಕ ಹಾಡುಗಳನ್ನು ಕೊಡಿ ಎಂದು ಕಂಪನಿ ಒತ್ತಾಯಿಸುತ್ತಿದ್ದಾಗ, ತಂಡವು 1976ರಲ್ಲಿ ಹಟ ಹಿಡಿದು ರೆಕಾರ್ಡಿನ ಒಂದಿಡೀ ಬದಿ ತುಂಬುವಂತೆ '2112' ಎಂಬ ಏಳು ಭಾಗಗಳ, ಸುಮಾರು 20 ನಿಮಿಷಗಳ ಕೃತಿಯನ್ನು ಮಾಡಿತು. ಈ ಸಂಕಲನ ಅದರ ಮೊದಲ ಎರಡು ಭಾಗಗಳನ್ನಷ್ಟೇ ಕೊಟ್ಟು ಸುಮ್ಮನಾಗುತ್ತದೆ. ಕತೆ ಶುರುವಾಗುವ ಮುನ್ನವೇ ಪರದೆ ಬಿದ್ದಂತೆ! ಹಾಡುಗಾರಿಕೆಯಿಲ್ಲದ ದೀರ್ಘ ವಾದ್ಯಕೃತಿ 'ಲಾ ವಿಲ್ಲಾ ಸ್ಟ್ರಾಂಜಿಯಾಟೊ' ಪೂರ್ತಿಯಾಗಿ ಇರುವುದಷ್ಟೇ ಸಮಾಧಾನ.

ಎರಡನೆಯ ಸಿಡಿ 1981ರ 'ಟಾಮ್ ಸಾಯರ್'ನಿಂದ ತೆರೆದುಕೊಳ್ಳುತ್ತದೆ. ಗಿಟಾರ್ ಸೋಲೋದ ಹೊತ್ತಿಗೆ ತಾಳ ಏಳರ ಲೆಕ್ಕಕ್ಕೆ ಹೊರಳುತ್ತದೆ. ಮಿಶ್ರಚಾಪು ಬಲ್ಲವರು ಕೈಯಲ್ಲೇ ಎಣಿಸಿಕೊಳ್ಳಬಹುದು, ವಾಲಗದ ಬಡಿತಕ್ಕೆ ಕುಣಿದು ಬೆಳೆದ ನಮ್ಮೂರಿನ ಹುಡುಗರು ಮಾತ್ರ ಇಲ್ಲೊಮ್ಮೆ ಹೆಜ್ಜೆ ತಪ್ಪುತ್ತಾರೆ. 1982ರ 'ಸಬ್‌ಡಿವಿಷನ್ಸ್'ನಲ್ಲಿ ಗಾಯಕ, ಬೇಸ್ ವಾದಕ ಗೆಡ್ಡಿ ಲೀಯ ಸಿಂಥಸೈಜರ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಮುಂದೆ ಬಂದು ಅಲೆಕ್ಸ್ ಲೈಫ್‌ಸನ್‌ನ ಗಿಟಾರ್ ಹಿಂದೆ ಸರಿಯುತ್ತದೆ. ಹಳೆಯ ಅಭಿಮಾನಿಗಳಲ್ಲಿ ಅನೇಕರಿಗೆ ಇದು ಹಿಡಿಸಲಿಲ್ಲ. ನನಗಂತೂ ತಂಡದ ಅತ್ಯಂತ ಬಿಗಿಯಾದ ಹಾಡುಗಳು ಈ ಭಾಗದಲ್ಲೇ ಸಿಗುತ್ತವೆ, ಆದರೆ 1985ರ 'ದಿ ಬಿಗ್ ಮನಿ'ಯ ಹೊತ್ತಿಗೆ ಕೀಬೋರ್ಡಿನ ಥಳಕು ಅತಿಯಾಯಿತು ಎಂಬುದನ್ನು ಒಪ್ಪಲೇಬೇಕು. ನಡುವೆ ತುರುಕಿದ ನೇರ ಪ್ರದರ್ಶನದ ಧ್ವನಿಮುದ್ರಣಗಳು ಕಾಲಕ್ರಮವನ್ನು ಕದಡುವುದೂ ಉಂಟು.

ಸಂಕಲನ ನಿಲ್ಲುವ ಜಾಗದಿಂದ ಮುಂದೆ ಗಿಟಾರ್ ಮರಳಿದ್ದು 1993ರ 'ಕೌಂಟರ್‌ಪಾರ್ಟ್ಸ್'ನಲ್ಲಿ ಸ್ಪಷ್ಟವಾಗುತ್ತದೆ. 2002ರ 'ವೇಪರ್ ಟ್ರೇಲ್ಸ್'ನಲ್ಲಂತೂ ಕೀಬೋರ್ಡನ್ನೇ ಕೈಬಿಟ್ಟರು. ಆದ್ದರಿಂದ 'ಕ್ರಾನಿಕಲ್ಸ್' ಕೊಳ್ಳುವವರು ಪೂರ್ಣ '2112' ಹಾಗೂ 'ಕೌಂಟರ್‌ಪಾರ್ಟ್ಸ್'ಗೂ ಸೇರಿಸಿಯೇ ಹಣ ತೆಗೆದಿಡುವುದು ಒಳ್ಳೆಯದು.